ಗೂಗಲ್ ಮ್ಯಾಪ್ಸ್ ನಂಬಿ ಗೆಳೆಯರ ಜತೆ ಊರು ಸುತ್ತುವುದಾದರೆ

ಐದಾರು ಜನ ಗೆಳೆಯರು ಸೇರಿ ಎರಡು ದಿನಕ್ಕೆ ಗೊತ್ತಿಲ್ಲದ ಊರಿಗೆ ಹೋದಾಗ ದಾರಿ ತಪ್ಪುವುದು ಈಗ ಅಪರೂಪ. ತಪ್ಪುವುದು ಹೊತ್ತು. ಮ್ಯೂಸಿಯಂ ಬಾಗಿಲು ತೆರೆದೇ ಇರುತ್ತದೆ, ಟಿಕೆಟ್ ಕೌಂಟರ್ ಮುಚ್ಚಿ ಹತ್ತು ನಿಮಿಷವಾಗಿರುತ್ತದೆ. ಹೋಟೆಲಿನ ಬೋರ್ಡ್ ಬೆಳಗುತ್ತಿರುತ್ತದೆ, ಒಳಗೆ ಒಲೆ ಆರಿಸಿರುತ್ತಾರೆ. ಟೇಬಲ್ ಖಾಲಿ ಇರುತ್ತದೆ, ಆದರೆ ಅದು ಇಬ್ಬರು ಕೂರುವ ಟೇಬಲ್. ಅಲ್ಲಿಯವರೆಗೆ ಕರೆದುಕೊಂಡು ಬಂದ ಗೂಗಲ್ ಮ್ಯಾಪ್ಸ್ ಮಾತ್ರ ‘ತಲುಪಿದ್ದೀರಿ’ ಎಂದು ಹೇಳಿ ಕೈತೊಳೆದುಕೊಂಡಿರುತ್ತದೆ.

2005ರ ಫೆಬ್ರವರಿಯಲ್ಲಿ ಶುರುವಾದ ಈ ಸೇವೆ ‘ಎಲ್ಲಿದೆ’ ಎಂಬ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ದೂರುವಂಥದ್ದು ಹೆಚ್ಚೇನಿಲ್ಲ. ‘ಯಾವಾಗ’, ‘ಎಷ್ಟು ಹೊತ್ತು’, ‘ಎಷ್ಟು ಜನಕ್ಕೆ’ ಎಂದು ಕೇಳಿದಾಗ ಉತ್ತರ ಸಡಿಲವಾಗುತ್ತದೆ. ಅದರ ಲೆಕ್ಕವೆಲ್ಲ ಒಬ್ಬ ಮನುಷ್ಯ ಒಬ್ಬನೇ ನಡೆಯುವ, ಒಬ್ಬನೇ ಕೂತು ತಿನ್ನುವ ಲೆಕ್ಕ. ಗುಂಪಿಗೆ ಅದನ್ನು ಹೊಂದಿಸಿಕೊಳ್ಳುವ ಕೆಲಸ ನಮ್ಮದು. ಇಲ್ಲಿರುವುದು ಆ ಹೊಂದಿಸುವ ಬಗೆ, ಜತೆಗೆ ಆ್ಯಪ್ ಎಲ್ಲೆಲ್ಲಿ ಕೈಕೊಡುತ್ತದೆ ಎಂಬ ಲೆಕ್ಕ.

ಪಟ್ಟಿ ಮಾಡುವಾಗ

ಮ್ಯಾಪ್ಸ್‌ನ ಅತ್ಯಂತ ಉಪಯುಕ್ತವಾದ, ಅತಿ ಕಡಿಮೆ ಜನ ಸರಿಯಾಗಿ ಬಳಸುವ ಸೌಲಭ್ಯ ಎಂದರೆ ಹಂಚಿಕೊಳ್ಳಬಹುದಾದ ಲಿಸ್ಟ್. ಪರದೆಯ ಕೆಳಗೆ ‘ಯೂ’ ಎಂಬ ಟ್ಯಾಬ್ ಇದೆ (ಹಳೆಯ ಆವೃತ್ತಿಗಳಲ್ಲಿ ‘ಸೇವ್ಡ್’). ಅಲ್ಲಿ ‘ನ್ಯೂ ಲಿಸ್ಟ್’ ಒತ್ತಿ, ಹೆಸರು ಕೊಟ್ಟು, ಶೇರ್ ಮಾಡುವಾಗ ಉಳಿದವರೂ ತಿದ್ದಬಹುದು ಎಂಬ ಆಯ್ಕೆ ಆರಿಸಿ, ಬಂದ ಲಿಂಕನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಎಲ್ಲರೂ ತಮಗೆ ಬೇಕಾದ ಜಾಗ ಸೇರಿಸಬಹುದು. ಗುಂಪಿನಲ್ಲಿ ಇನ್ನೂರು ಮೆಸೇಜುಗಳ ನಡುವೆ ಕಳೆದುಹೋಗುವ ‘ಇಲ್ಲಿಗೂ ಹೋಗೋಣ’ಗಳೆಲ್ಲ ಆಗ ನಕ್ಷೆಯ ಮೇಲೆ ಕೂರುತ್ತವೆ.

ಒಂದೇ ಲಿಸ್ಟ್ ಮಾಡಬೇಡಿ, ಎರಡು ಮಾಡಿ: ನೋಡುವ ಜಾಗಗಳಿಗೆ ಒಂದು, ತಿನ್ನುವ ಜಾಗಗಳಿಗೆ ಒಂದು. ಎರಡಕ್ಕೂ ಬೇರೆ ಬೇರೆ ಚಿಹ್ನೆ ಕೊಡಿ. ಎಲ್ಲವನ್ನೂ ‘ವಾಂಟ್ ಟು ಗೋ’ಗೆ ತುಂಬಿದರೆ ನಕ್ಷೆ ತುಂಬ ಒಂದೇ ಥರದ ಹಸಿರು ಬಾವುಟ, ಹಸಿದಿರುವಾಗ ಯಾವುದು ಊಟ, ಯಾವುದು ಗೋಪುರ ಎಂದು ಒಂದೊಂದನ್ನೇ ಒತ್ತಿ ನೋಡುತ್ತ ಬಿಸಿಲಲ್ಲಿ ನಿಲ್ಲಬೇಕು. ತಲೆಗೆ ಮೂರು ಜಾಗ ಎಂಬ ಮಿತಿಯನ್ನೂ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. ಮಿತಿ ಇಲ್ಲದಿದ್ದರೆ ಆರು ಜನ ಸೇರಿ ಅರವತ್ತು ಗುರುತು ಹಾಕುತ್ತಾರೆ, ಆಮೇಲೆ ಯಾರದ್ದನ್ನು ತೆಗೆಯಬೇಕು ಎಂಬುದೇ ಒಂದು ಜಗಳ.

ಲಿಸ್ಟ್‌ಗೆ ಸೇರಿಸಿದ ಪ್ರತಿ ಜಾಗದ ಕೆಳಗೂ ನೋಟ್ ಬರೆಯಲು ಜಾಗವಿದೆ. ‘ಸೂಪರ್’, ‘ಮಸ್ಟ್ ಸೀ’ ಎಂದೆಲ್ಲ ಬರೆದು ಅದನ್ನು ಹಾಳುಮಾಡಬೇಡಿ. ಬರೆಯಬೇಕಾದ್ದು ಮೂರೇ: ವಾರದ ರಜೆ ಯಾವತ್ತು, ಕೊನೆಯ ಪ್ರವೇಶ ಎಷ್ಟು ಗಂಟೆಗೆ, ಟಿಕೆಟ್ ಮೊದಲೇ ತೆಗೆಯಬೇಕೇ. ಇವನ್ನು ಮ್ಯಾಪ್ಸ್‌ನಿಂದ ತೆಗೆದುಕೊಳ್ಳಬೇಡಿ. ಆ ಜಾಗದ ಸ್ವಂತ ವೆಬ್‌ಸೈಟ್ ತೆರೆದು ನೋಡಿ ಬರೆಯಿರಿ. ಮ್ಯಾಪ್ಸ್ ಪುಟದಲ್ಲೇ ವೆಬ್‌ಸೈಟಿನ ಕೊಂಡಿ ಇರುತ್ತದೆ, ಒಂದು ಜಾಗಕ್ಕೆ ಎರಡು ನಿಮಿಷದ ಕೆಲಸ.

ಇಷ್ಟಾದ ಮೇಲೆ ನಕ್ಷೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಊರು ಪೂರ್ತಿ ಕಾಣುವಂತೆ ನೋಡಿ. ಗುರುತುಗಳು ಎರಡು ಮೂರು ಕಡೆ ಗುಂಪಾಗಿರುತ್ತವೆ, ಒಂದೆರಡು ಮಾತ್ರ ದೂರ ಒಂಟಿಯಾಗಿರುತ್ತವೆ. ಒಂದು ಗುಂಪೆಂದರೆ ಅರ್ಧ ದಿನ. ಒಂಟಿ ಗುರುತಿಗೆ ಹೋಗಿಬರುವುದೂ ಅರ್ಧ ದಿನವೇ. ಎರಡು ದಿನದಲ್ಲಿ ನಾಲ್ಕು ಅರ್ಧಗಳಿವೆ. ಬರುವ, ಹೊರಡುವ ಗಡಿಬಿಡಿ ಕಳೆದರೆ ಮೂರು. ಈ ಲೆಕ್ಕ ಎಲ್ಲರ ಕಣ್ಣಿಗೂ ನಕ್ಷೆಯ ಮೇಲೆ ಕಂಡರೆ ಯಾರೂ ವಾದಕ್ಕೆ ನಿಲ್ಲುವುದಿಲ್ಲ. ಹೊರಡುವ ಹಿಂದಿನ ರಾತ್ರಿ ತಿದ್ದುವ ಅನುಮತಿಯನ್ನು ಮುಚ್ಚಿಬಿಡಿ, ಇಲ್ಲವಾದರೆ ಬಸ್ಸಿನಲ್ಲಿ ಕೂತವರೊಬ್ಬರು ಅಪ್ಪಿತಪ್ಪಿ ಒತ್ತಿ ಜಾಗವನ್ನೇ ತೆಗೆದುಹಾಕುತ್ತಾರೆ.

ಹೋಟೆಲ್ ಹುಡುಕುವುದು

‘ರೆಸ್ಟೊರೆಂಟ್’ ಎಂದು ಹುಡುಕಿದಾಗ ಮೇಲೆ ಬರುವುದು ಆ ಬೀದಿಯ ಅತ್ಯುತ್ತಮ ಹೋಟೆಲ್ ಎಂದುಕೊಳ್ಳಬೇಡಿ. ಗೂಗಲ್ ತಾನೇ ಹೇಳಿಕೊಂಡಿರುವಂತೆ ಸ್ಥಳೀಯ ಹುಡುಕಾಟದ ಕ್ರಮ ನಿಲ್ಲುವುದು ಮೂರರ ಮೇಲೆ: ಹುಡುಕಿದ ಪದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ಹತ್ತಿರವಿದೆ, ಎಷ್ಟು ಹೆಸರಾಗಿದೆ. ರುಚಿ ಇದರಲ್ಲಿ ನೇರವಾಗಿ ಎಲ್ಲೂ ಇಲ್ಲ. ‘ಸ್ಪಾನ್ಸರ್ಡ್’ ಎಂದು ಸಣ್ಣಗೆ ಬರೆದಿದ್ದರೆ ಅದು ಜಾಹೀರಾತು, ಕಣ್ಣುಮುಚ್ಚಿ ದಾಟಿ ಮುಂದೆ ಹೋಗಿ. ಪ್ರವಾಸಿ ಜಾಗದ ಎದುರಿನ ಹೋಟೆಲ್‌ಗಳಿಗೆ ಹತ್ತಿರ, ಹೆಸರು ಎರಡೂ ಪುಕ್ಕಟೆಯಾಗಿ ಸಿಕ್ಕಿರುತ್ತವೆ. ಹಾಗಾಗಿ ನಕ್ಷೆಯನ್ನು ನಾಲ್ಕೈದು ಬೀದಿ ಆಚೆಗೆ ಸರಿಸಿ, ‘ಸರ್ಚ್ ದಿಸ್ ಏರಿಯಾ’ ಒತ್ತಿ. ಪಟ್ಟಿ ಪೂರಾ ಬದಲಾಗುತ್ತದೆ. ‘ರೆಸ್ಟೊರೆಂಟ್’ ಎನ್ನುವುದಕ್ಕಿಂತ ಬೇಕಾದ ತಿಂಡಿಯ ಹೆಸರನ್ನೇ, ಅದೂ ಆ ಊರಿನ ಭಾಷೆಯಲ್ಲಿ, ಆ ಊರಿನ ಲಿಪಿಯಲ್ಲಿ ಹಾಕಿ ಹುಡುಕಿದರೆ ಊರವರು ಹೋಗುವ ಜಾಗ ಮೇಲೆ ಬರುವ ಸಾಧ್ಯತೆ ಹೆಚ್ಚು.

ನಕ್ಷತ್ರಗಳ ಬಗ್ಗೆ ಹೇಳಬೇಕಾದ್ದು ಸ್ವಲ್ಪವೇ. ನಲವತ್ತು ಜನ ಕೊಟ್ಟ 4.8ಕ್ಕಿಂತ ಮೂರು ಸಾವಿರ ಜನ ಕೊಟ್ಟ 4.3 ಮೇಲು. ನಲವತ್ತರಲ್ಲಿ ಇಪ್ಪತ್ತು ಮಾಲೀಕರ ಬಳಗವಿರಬಹುದು. ಮೂರು ಸಾವಿರಕ್ಕೆ ಅಷ್ಟು ದೊಡ್ಡ ಬಳಗ ಯಾರಿಗೂ ಇರುವುದಿಲ್ಲ. ಸುಳ್ಳು ವಿಮರ್ಶೆಗಳ ಹಾವಳಿ ಎಷ್ಟಿದೆ ಎಂದರೆ 2023ರಲ್ಲಿ ನಿಯಮ ಮೀರಿದ 17 ಕೋಟಿಗೂ ಹೆಚ್ಚು ವಿಮರ್ಶೆಗಳನ್ನು ತಡೆದೋ ತೆಗೆದೋ ಹಾಕಿದ್ದಾಗಿ ಗೂಗಲ್ ಹೇಳಿತ್ತು. ಸಿಕ್ಕಿಬಿದ್ದವುಗಳ ಲೆಕ್ಕ ಅದು.

ವಿಮರ್ಶೆಗಳು ಮೊದಲಿಗೆ ತೆರೆದುಕೊಳ್ಳುವುದು ‘ಮೋಸ್ಟ್ ರೆಲೆವೆಂಟ್’ ಕ್ರಮದಲ್ಲಿ. ಅದನ್ನು ‘ನ್ಯೂಯೆಸ್ಟ್’ಗೆ ಬದಲಿಸಿ. ಅಡುಗೆಯವರು ಬಿಟ್ಟುಹೋದದ್ದು, ಆಡಳಿತ ಕೈಬದಲಾದದ್ದು, ದರ ಏರಿದ್ದು ಸರಾಸರಿ ಅಂಕಿಯಲ್ಲಿ ಕಾಣಲು ವರ್ಷಗಳೇ ಬೇಕು. ಹೊಸ ಹದಿನೈದು ವಿಮರ್ಶೆಗಳಲ್ಲಿ ಐದು ನಿಮಿಷಕ್ಕೆ ಕಾಣುತ್ತದೆ. ಆಮೇಲೆ ‘ಲೋಯೆಸ್ಟ್’ಗೆ ಹಾಕಿ ಒಂದು ನಕ್ಷತ್ರದವರ ಕಾರಣ ಓದಿ. ‘ಗಾಡಿ ನಿಲ್ಲಿಸಲು ಜಾಗವಿಲ್ಲ’ ಎಂಬ ದೂರು ನಡೆದು ಹೋಗುವವರಿಗೆ ಲೆಕ್ಕಕ್ಕಿಲ್ಲ. ‘ಎಂಟು ಜನ ಹೋದೆವು, ಆರ್ಡರ್ ಬರಲು ಒಂದು ಗಂಟೆ’ ಎಂಬ ಒಂದು ಸಾಲು ಮಾತ್ರ ಬಂಗಾರ. ವಿಮರ್ಶೆಗಳ ಒಳಗೇ ಪದ ಹುಡುಕುವ ಪೆಟ್ಟಿಗೆಯೊಂದಿದೆ. ಅಲ್ಲಿ ‘ಗ್ರೂಪ್’, ‘ವೇಟ್’, ‘ಬಿಲ್’, ‘ಕ್ಯಾಶ್’ ಎಂದು ಇಂಗ್ಲಿಷಿನಲ್ಲಿ ಹಾಕಿ ನೋಡಿ. ಗುಂಪಿಗೆ ಬೇಕಾದ ಸಂಗತಿಗಳೆಲ್ಲ ಈ ನಾಲ್ಕು ಪದಗಳ ಸುತ್ತಲೇ ಇರುತ್ತವೆ.

ಕೆಲವು ವಿಮರ್ಶಕರ ಹೆಸರಿನ ಜತೆ ಕಾಣುವ ‘ಲೋಕಲ್ ಗೈಡ್’ ಎಂಬ ಬಿರುದಿಗೆ ಮರುಳಾಗಬೇಡಿ. ಅವರು ಆ ಊರಿನವರೇ ಆಗಿರಬೇಕೆಂದಿಲ್ಲ. ಅವರು ಹಾಕಿದ್ದಕ್ಕೆಲ್ಲ ಗೂಗಲ್ ಅಂಕ ಕೊಡುತ್ತದೆ: ಬರೀ ನಕ್ಷತ್ರ ಕೊಟ್ಟರೆ 1 ಅಂಕ, ವಿಮರ್ಶೆಗೆ 10, ಅದು 200 ಅಕ್ಷರ ದಾಟಿದರೆ ಮೇಲೆ ಇನ್ನೂ 10, ಫೋಟೊಗೆ 5. ‘ಆಂಬಿಯನ್ಸ್ ಚೆನ್ನಾಗಿದೆ, ಸರ್ವಿಸ್ ಚೆನ್ನಾಗಿದೆ, ಊಟ ಚೆನ್ನಾಗಿದೆ, ಮತ್ತೆ ಬರುತ್ತೇವೆ’ ಎಂದು ಎಳೆದೆಳೆದು ಬರೆದ ವಿಮರ್ಶೆಗಳು ಯಾಕೆ ಅಷ್ಟೊಂದಿವೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಫೋಟೊಗಳು ವಿಮರ್ಶೆಗಿಂತ ಪ್ರಾಮಾಣಿಕ, ಆದರೆ ಮಾಲೀಕರು ಹಾಕಿದವನ್ನು ಬಿಡಿ. ‘ಲೇಟೆಸ್ಟ್’ಗೆ ಹೋಗಿ, ಗಿರಾಕಿಗಳು ತೆಗೆದ ಓರೆಕೋರೆ ಚಿತ್ರಗಳನ್ನೇ ನೋಡಿ. ತಟ್ಟೆಗಿಂತ ತಟ್ಟೆಯ ಹಿಂದಿರುವುದನ್ನು ಗಮನಿಸಿ: ಟೇಬಲ್‌ಗಳು ಎಷ್ಟು ದೊಡ್ಡವು, ನೆಲಕ್ಕೆ ಕಚ್ಚಿದ ಬೆಂಚೋ ಸರಿಸಬಹುದಾದ ಕುರ್ಚಿಯೋ, ಬೆನ್ನಿಗೆ ಬೆನ್ನು ತಾಗುವಷ್ಟು ಇಕ್ಕಟ್ಟೋ. ನೆಲಕ್ಕೆ ಕಚ್ಚಿದ ಬೆಂಚುಗಳಿದ್ದರೆ ಆರು ಜನ ಒಟ್ಟಿಗೆ ಕೂರುವ ಆಸೆ ಬಿಡಬೇಕು. ಆ ಟೇಬಲ್‌ಗಳನ್ನು ಜೋಡಿಸಲಾಗದು. ಮೆನುವಿನ ಫೋಟೊ ಇದ್ದರೆ ಅದರ ತಾರೀಖು ನೋಡದೆ ದರ ನಂಬಬೇಡಿ. ಫೋಟೊ ತೆರೆದಾಗ ತಿಂಗಳು, ವರ್ಷ ಅಲ್ಲೇ ಕಾಣುತ್ತದೆ.

‘ಅಬೌಟ್’ ಟ್ಯಾಬನ್ನು ಯಾರೂ ತೆರೆಯುವುದಿಲ್ಲ. ಗುಂಪುಗಳಿಗೆ ಹೊಂದುತ್ತದೆಯೇ, ಮೊದಲೇ ಟೇಬಲ್ ಕಾದಿರಿಸಬಹುದೇ, ಕಾರ್ಡ್ ತೆಗೆದುಕೊಳ್ಳುತ್ತಾರೆಯೇ, ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ, ಶೌಚಾಲಯವಿದೆಯೇ ಎಂಬುದೆಲ್ಲ ಅಲ್ಲಿ ಸಣ್ಣ ಗುರುತುಗಳಲ್ಲಿರುತ್ತದೆ. ಗೆಳೆಯರ ಪೈಕಿ ಯಾರಿಗಾದರೂ ಮೊಣಕಾಲು ನೋವಿದ್ದರೆ ಮಹಡಿ ಮೇಲಿನ ಹೋಟೆಲ್ ಆರಿಸಿ ಆಮೇಲೆ ಪೇಚಾಡುವುದು ತಪ್ಪುತ್ತದೆ.

ಆರು ಜನಕ್ಕೆ ಟೇಬಲ್

ಮ್ಯಾಪ್ಸ್‌ಗೆ ಗೊತ್ತೇ ಇಲ್ಲದ ಗಣಿತವೊಂದು ಇದೆ. ಹೆಚ್ಚಿನ ಹೋಟೆಲ್‌ಗಳಲ್ಲಿ ಟೇಬಲ್ ಎರಡು ಜನರದು ಅಥವಾ ನಾಲ್ಕು ಜನರದು. ಆರು ಜನ ಒಟ್ಟಿಗೆ ಕೂರಬೇಕೆಂದರೆ ನಾಲ್ಕರದೊಂದು, ಎರಡರದೊಂದು ಪಕ್ಕಪಕ್ಕದಲ್ಲಿರಬೇಕು, ಎರಡೂ ಒಂದೇ ಹೊತ್ತಿಗೆ ಖಾಲಿಯಾಗಬೇಕು. ಇಬ್ಬರಿಗೆ ಹತ್ತು ನಿಮಿಷ ಕಾಯುವ ಜಾಗದಲ್ಲಿ ಆರು ಜನಕ್ಕೆ ಮುಕ್ಕಾಲು ಗಂಟೆ ಹಿಡಿಯುವುದು ಇದರಿಂದ. ಅತಿ ಕೆಟ್ಟ ಸಂಖ್ಯೆ ಐದು: ಆರು ಜನದ ಜಾಗ ಬೇಕು, ಬಿಲ್ ಮಾತ್ರ ಐದು ಜನದ್ದು, ಹಾಗಾಗಿ ಜನ ತುಂಬಿದ ಹೊತ್ತಿನಲ್ಲಿ ನಿಮ್ಮನ್ನು ಕೂರಿಸಲು ಯಾರಿಗೂ ಆತುರವಿರುವುದಿಲ್ಲ. ‘ಎರಡು ಕಡೆ ಕೂತರೂ ಪರವಾಗಿಲ್ಲ’ ಎಂದು ಬಾಗಿಲಲ್ಲೇ ಹೇಳಿಬಿಟ್ಟರೆ ಕಾಯುವ ಹೊತ್ತು ಅರ್ಧಕ್ಕಿಂತ ಕೆಳಗೆ ಬರುತ್ತದೆ. ಮಾತು ಆಡಲು ದಾರಿಯುದ್ದಕ್ಕೂ ಹೊತ್ತಿದೆ, ಊಟಕ್ಕೆ ಒಟ್ಟಿಗೇ ಕೂರಲೇಬೇಕೆಂಬ ಹಟ ಬೇಡ.

ಜನ ಯಾವಾಗ ಹೆಚ್ಚು ಎಂದು ತಿಳಿಯಲು ‘ಪಾಪ್ಯುಲರ್ ಟೈಮ್ಸ್’ ಎಂಬ ಕಂಬಗಳ ಚಿತ್ರವಿದೆ. ಲೊಕೇಶನ್ ಹಂಚಲು ಒಪ್ಪಿದ ಬಳಕೆದಾರರ ಓಡಾಟವನ್ನು ಹೆಸರಿಲ್ಲದಂತೆ ಒಟ್ಟುಗೂಡಿಸಿ ಇದನ್ನು ಮಾಡುತ್ತಾರೆ. ಒಂದು ವಿಷಯ ನೆನಪಿಡಿ. ಪ್ರತಿ ಕಂಬವೂ ಅದೇ ಹೋಟೆಲಿನ ವಾರದ ಅತ್ಯಂತ ಜನ ತುಂಬಿದ ಹೊತ್ತಿಗೆ ಹೋಲಿಸಿದ ಅಳತೆ. ಇನ್ನೂರು ಜನ ಕೂರುವ ಹಾಲ್‌ನ ಅರ್ಧ ಕಂಬ, ಹನ್ನೆರಡು ಕುರ್ಚಿಯ ಅಂಗಡಿಯ ಅರ್ಧ ಕಂಬ ನೋಡಲು ಒಂದೇ ಥರ. ಆರು ಜನಕ್ಕೆ ಮೊದಲನೆಯದರಲ್ಲಿ ಜಾಗವಿದೆ, ಎರಡನೆಯದರಲ್ಲಿ ಇಲ್ಲ. ಎರಡು ಹೋಟೆಲ್‌ಗಳ ಕಂಬಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಹಾಗಾಗಿ ಅರ್ಥವಿಲ್ಲ. ಇವು ಹಿಂದಿನ ದಿನಗಳ ಸರಾಸರಿಯೂ ಹೌದು. ಹಬ್ಬ, ಉದ್ದನೆಯ ವಾರಾಂತ್ಯ, ಪಕ್ಕದ ಮೈದಾನದಲ್ಲಿ ಪಂದ್ಯ ಇದ್ದ ದಿನ ಚಿತ್ರ ಕೆಲಸಕ್ಕೆ ಬಾರದು. ಆ ದಿನ ‘ಲೈವ್’ ಎಂದು ಬೇರೆ ಬಣ್ಣದ ಕಂಬ ತೋರಿಸುತ್ತಿದ್ದರೆ ಅದನ್ನಷ್ಟೇ ನೋಡಿ.

ಕಂಬಗಳಲ್ಲಿ ಹುಡುಕಬೇಕಾದ್ದು ಏರು ಶುರುವಾಗುವ ಜಾಗ. ಏಳು ಗಂಟೆಯ ಕಂಬ ಸಣ್ಣದು, ಎಂಟರದು ಪೂರ್ತಿ ಎತ್ತರ ಎಂದಿದ್ದರೆ ಆರೂ ಮುಕ್ಕಾಲಿಗೆ ಬಾಗಿಲಲ್ಲಿರಿ. ಅದು ತಪ್ಪಿತೆಂದರೆ ಏಳೂವರೆಗೆ ಓಡಬೇಡಿ; ಮೊದಲ ಪಂಕ್ತಿ ಒಟ್ಟಿಗೆ ಕೂತಿರುತ್ತದೆ, ಒಟ್ಟಿಗೇ ಏಳುತ್ತದೆ. ಅವರು ಏಳುವ ಹೊತ್ತು, ಅಂದರೆ ಒಂದು ಗಂಟೆ ಒಂದೂಕಾಲು ಗಂಟೆ ಬಿಟ್ಟು ಹೋದರೆ ಪಕ್ಕಪಕ್ಕದ ಟೇಬಲ್‌ಗಳು ಒಮ್ಮೆಲೇ ಬಿಡುವಾಗುವುದು ಹೆಚ್ಚು.

‘ಓಪನ್’ ಎಂಬ ಹಸಿರು ಅಕ್ಷರದ ಅರ್ಥ ಬಾಗಿಲು ತೆರೆದಿದೆ ಎಂದಷ್ಟೇ. ಹತ್ತೂವರೆಗೆ ಮುಚ್ಚುವ ಹೋಟೆಲ್‌ನಲ್ಲಿ ಕೊನೆಯ ಆರ್ಡರ್ ಹತ್ತಕ್ಕೋ ಒಂಬತ್ತೂಮುಕ್ಕಾಲಿಗೋ ನಿಲ್ಲುತ್ತದೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತನಕ ಒಲೆ ಹಚ್ಚದ ಹೋಟೆಲ್‌ಗಳೂ ಆ ಹೊತ್ತಿನಲ್ಲಿ ಹಸಿರಾಗಿಯೇ ಕಾಣುತ್ತವೆ, ಮಾಲೀಕರು ಎರಡು ಪಾಳಿಯ ಸಮಯವನ್ನು ಬೇರೆಬೇರೆಯಾಗಿ ತುಂಬಿರದಿದ್ದರೆ. ಸುತ್ತಾಡಿ ತಡವಾಗಿ, ಮೂರೂವರೆಗೆ ಊಟಕ್ಕೆ ಹುಡುಕುವ ಗುಂಪುಗಳು ಸಿಕ್ಕಿಬೀಳುವುದು ಇಲ್ಲೇ. ಒಂದು ಫೋನ್ ಮಾಡಿ ‘ಆರು ಜನ, ಅರ್ಧ ಗಂಟೆಯಲ್ಲಿ ಬರುತ್ತೇವೆ, ಊಟ ಇದೆಯಾ’ ಎಂದು ಕೇಳುವುದಕ್ಕೆ ಸಮನಾದ ಸೌಲಭ್ಯ ಯಾವ ಆ್ಯಪ್‌ನಲ್ಲೂ ಬಂದಿಲ್ಲ.

ನೋಡುವ ಜಾಗಗಳು

ದೊಡ್ಡ ಕೋಟೆ, ಅರಮನೆ, ಉದ್ಯಾನಗಳಿಗೆ ಮ್ಯಾಪ್ಸ್ ಹಾಕುವ ಗುರುತು ಸಾಮಾನ್ಯವಾಗಿ ಆವರಣದ ನಡುವೆ ಎಲ್ಲೋ ಇರುತ್ತದೆ. ದಾರಿ ತೋರಿಸುವಾಗ ಆ ಗುರುತಿಗೆ ಹತ್ತಿರದ ರಸ್ತೆ ಯಾವುದೋ ಅಲ್ಲಿಗೆ ಒಯ್ದು ಬಿಡುತ್ತದೆ. ಅಲ್ಲಿ ಗೋಡೆ ಇರುತ್ತದೆ, ಗೇಟು ಇರುವುದಿಲ್ಲ. ಗೇಟು ಆಚೆ ಬದಿಯಲ್ಲಿ, ಗೋಡೆ ಸುತ್ತಿ ಹೋದರೆ ಒಂದೂವರೆ ಕಿಲೋಮೀಟರ್. ಇದನ್ನು ಮನೆಯಲ್ಲೇ ತಪ್ಪಿಸಬಹುದು. ಜಾಗದ ಹೆಸರಿನ ಜತೆ ‘ಎಂಟ್ರೆನ್ಸ್’ ಅಥವಾ ‘ಟಿಕೆಟ್’ ಎಂದು ಸೇರಿಸಿ ಹುಡುಕಿ. ಸಿಗದಿದ್ದರೆ ಸ್ಯಾಟಲೈಟ್ ಚಿತ್ರಕ್ಕೆ ಬದಲಿಸಿ, ಗಾಡಿಗಳು ನಿಂತಿರುವ ಕಡೆ ನೋಡಿ, ಬೀದಿಯಲ್ಲಿ ನಿಂತು ನೋಡಿದಂತೆ ತೋರಿಸುವ ಸ್ಟ್ರೀಟ್ ವ್ಯೂ ಇದ್ದರೆ ತೆರೆದು ಖಚಿತಮಾಡಿಕೊಂಡು, ಗೇಟಿನ ಮೇಲೆ ಬೆರಳನ್ನು ಒತ್ತಿಹಿಡಿಯಿರಿ. ಕೆಂಪು ಪಿನ್ ಬೀಳುತ್ತದೆ. ಅದನ್ನು ಲಿಸ್ಟ್‌ಗೆ ಹಾಕಿ, ದಾರಿ ಕೇಳುವಾಗ ಅದನ್ನೇ ಒತ್ತಿ.

ಆ ಪಿನ್ ಕೆಳಗೆ ಕೂಡುವ ಗುರುತಿರುವ ಪುಟ್ಟ ಸಂಕೇತವೊಂದು ಕಾಣುತ್ತದೆ, ಜತೆಗೆ ಊರ ಹೆಸರು. ಪ್ಲಸ್ ಕೋಡ್ ಎನ್ನುತ್ತಾರೆ. ಸುಮಾರು 14 ಮೀಟರ್ ಉದ್ದಗಲದ ಚೌಕವನ್ನು ಅದು ಹೆಸರಿಸುತ್ತದೆ. ಗುಂಪು ಚದುರಿದಾಗ ‘ಆ ದೊಡ್ಡ ಮರದ ಹತ್ತಿರ’ ಎನ್ನುವ ಬದಲು ಇದನ್ನು ಕಳಿಸಿದರೆ ಸಾಕು. ಫೋನಿನಲ್ಲಿ ಓದಿ ಹೇಳಿದರೂ ತಪ್ಪಾಗುವುದು ಕಡಿಮೆ: ಅದರಲ್ಲಿ ಬಳಸುವುದು ಇಪ್ಪತ್ತೇ ಅಕ್ಷರ-ಅಂಕಿ. ಸೊನ್ನೆ, ಒಂದು, ಇಂಗ್ಲಿಷಿನ ಸ್ವರಗಳನ್ನು ಬೇಕೆಂದೇ ಬಿಟ್ಟಿದ್ದಾರೆ. ಸೊನ್ನೆಯನ್ನು ‘ಓ’ ಎಂದು ಯಾರೂ ಓದಬಾರದು, ಆಕಸ್ಮಿಕವಾಗಿ ಯಾವ ಪದವೂ ಮೂಡಬಾರದು ಎಂಬ ಮುಂದಾಲೋಚನೆ.

ಮುಚ್ಚುವ ಸಮಯ ಐದೂವರೆ ಎಂದು ಮ್ಯಾಪ್ಸ್ ತೋರಿಸಿದರೆ ಕೊನೆಯ ಪ್ರವೇಶ ಐದಕ್ಕೋ ನಾಲ್ಕೂಮುಕ್ಕಾಲಿಗೋ ಇರುತ್ತದೆ. ಅದು ನಕ್ಷೆಯ ಪುಟದಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ವಾರದ ರಜೆಯೂ ಒಂದೇ ಊರಿನಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ದಿನ. ಪ್ಯಾರಿಸಿನಲ್ಲಿ ಲೂವ್ರ್ ಮ್ಯೂಸಿಯಂ ಮುಚ್ಚುವುದು ಮಂಗಳವಾರ, ನದಿಯ ಆಚೆ ದಡದಲ್ಲಿರುವ ಓರ್ಸೆ ಮ್ಯೂಸಿಯಂ ಮುಚ್ಚುವುದು ಸೋಮವಾರ. ಸೋಮವಾರ, ಮಂಗಳವಾರ ಎರಡು ದಿನಕ್ಕೆ ಹೋದವರು ಕ್ರಮ ತಪ್ಪಿಸಿದರೆ ಎರಡೂ ಹೋಯಿತು. ಮೇಲೆ ಹೇಳಿದ ನೋಟ್‌ನಲ್ಲಿ ಮೊದಲು ವಾರದ ರಜೆ ಬರೆಯಿರಿ ಎಂದದ್ದು ಇದಕ್ಕೇ.

‘ಜನ ಇಲ್ಲಿ ಸಾಮಾನ್ಯವಾಗಿ ಇಷ್ಟು ಹೊತ್ತು ಇರುತ್ತಾರೆ’ ಎಂಬ ಸಾಲು ಒಳ್ಳೆಯ ಸುಳಿವು. ಆದರೆ ಗುಂಪಿಗೆ ಅದಕ್ಕೆ ಅರ್ಧದಷ್ಟು ಸೇರಿಸಿ. ಒಳಗೆ ನೋಡುವ ವೇಗ ಎಲ್ಲರದೂ ಬೇರೆ. ಮೊದಲು ಮುಗಿಸಿದವರು ಹೊರಗೆ ಕಟ್ಟೆ ಮೇಲೆ ಕೂತು ಕೊನೆಯವರನ್ನು ಕಾಯುತ್ತಾರೆ, ಕೊನೆಯವರು ಬಂದಾಗ ಮೊದಲಿನವರು ಕಾಫಿಗೆ ಹೋಗಿರುತ್ತಾರೆ. ಒಳಹೋಗುವ ಮುಂಚೆ ಹೊರಗೆ ಸೇರುವ ಗಂಟೆ, ಜಾಗ ಗೊತ್ತುಮಾಡಿಕೊಳ್ಳುವುದು ಇದಕ್ಕಿರುವ ಒಂದೇ ಮದ್ದು.

ಹಲವು ಜಾಗಗಳನ್ನು ಒಂದೇ ದಾರಿಯಲ್ಲಿ ಪೋಣಿಸಲು ‘ಆ್ಯಡ್ ಸ್ಟಾಪ್’ ಇದೆ. ಹೊರಡುವ ಜಾಗ ಬಿಟ್ಟು ಒಂಬತ್ತು ಸೇರಿಸಬಹುದು. ಇಲ್ಲಿ ಎರಡು ಕೊರತೆ. ಯಾವ ಕ್ರಮದಲ್ಲಿ ಹೋದರೆ ದೂರ ಕಡಿಮೆ ಎಂದು ಅದು ತಾನಾಗಿ ಹೇಳುವುದಿಲ್ಲ. ಸೇರಿಸಿದ ಕ್ರಮದಲ್ಲೇ ಒಯ್ಯುತ್ತದೆ, ಸಾಲುಗಳನ್ನು ಎಳೆದು ಮೇಲೆ ಕೆಳಗೆ ಮಾಡಿ ಒಟ್ಟು ನಿಮಿಷ ಇಳಿಯುತ್ತದೆಯೇ ಎಂದು ನೀವೇ ನೋಡಬೇಕು. ಎರಡನೆಯದು, ಬಸ್ಸು, ಮೆಟ್ರೊ ಆರಿಸಿದರೆ ಈ ಸೌಲಭ್ಯವೇ ಇಲ್ಲ. ನಡೆಯಲು, ಗಾಡಿಗೆ, ಸೈಕಲ್ಲಿಗೆ ಮಾತ್ರ.

ನಡಿಗೆಯ ನಿಮಿಷ

ನಡಿಗೆಗೆ ಮ್ಯಾಪ್ಸ್ ಹಿಡಿಯುವ ವೇಗ ಗಂಟೆಗೆ ಹೆಚ್ಚುಕಮ್ಮಿ 5 ಕಿಲೋಮೀಟರ್, ಅಂದರೆ ಕಿಲೋಮೀಟರಿಗೆ 12 ನಿಮಿಷದಂತೆ. ಒಬ್ಬರೇ ಸರಸರ ನಡೆದರೆ ಸರಿಹೋಗುತ್ತದೆ. ಆರು ಜನ ನಡೆಯುವಾಗ ಮೊದಲ ಸಿಗ್ನಲ್‌ನಲ್ಲೇ ಇಬ್ಬರು ಆಚೆ ದಾಟಿ, ನಾಲ್ವರು ಈಚೆ ಉಳಿದು, ದೀಪ ಮತ್ತೆ ಬದಲಾಗುವ ತನಕ ಎರಡು ಕಡೆಯವರೂ ಕೈಬೀಸುತ್ತ ನಿಲ್ಲುತ್ತಾರೆ. ಅಷ್ಟರಲ್ಲಿ ಒಬ್ಬರಿಗೆ ನೀರಿನ ಬಾಟಲಿ ಬೇಕು, ಇನ್ನೊಬ್ಬರಿಗೆ ಗೋಡೆ ಮೇಲಿನ ಚಿತ್ರದ ಫೋಟೊ ಬೇಕು. ತೋರಿಸಿದ ನಿಮಿಷವನ್ನು ಒಂದೂವರೆ ಪಟ್ಟು ಮಾಡಿ ಯೋಜನೆ ಹಾಕಿ: 20 ನಿಮಿಷ ಎಂದರೆ ಅರ್ಧ ಗಂಟೆ. ಏರು ದಾರಿ, ಮೆಟ್ಟಿಲು ಇದ್ದರೆ ಎರಡು ಪಟ್ಟು.

ಎತ್ತರದ ಕಟ್ಟಡಗಳ ನಡುವೆ, ಮೆಟ್ರೊ ನಿಲ್ದಾಣದಿಂದ ಹೊರಬಂದ ಕೂಡಲೇ ನೀಲಿ ಚುಕ್ಕೆ ಪಕ್ಕದ ಬೀದಿಗೆ ಹಾರಿರುತ್ತದೆ. ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ತಡವಾಗಿ ಬರುವುದರಿಂದ ಹೀಗೆ. ದಿಕ್ಕು ತೋರಿಸುವ ನೀಲಿ ಬೀಸಣಿಗೆ ಅಗಲವಾಗಿದ್ದಷ್ಟೂ ದಿಕ್ಕಿನ ಬಗ್ಗೆ ಫೋನಿಗೇ ಅನುಮಾನವಿದೆ ಎಂದರ್ಥ. ನಡೆಯುವ ಮುಂಚೆ ಚುಕ್ಕೆಯನ್ನು ಒತ್ತಿ ‘ಕ್ಯಾಲಿಬ್ರೇಟ್’ ಆರಿಸಿ, ಕ್ಯಾಮೆರಾವನ್ನು ಎದುರಿನ ಕಟ್ಟಡಗಳಿಗೆ ತೋರಿಸಿ; ಕ್ಯಾಮೆರಾ ಸೌಲಭ್ಯ ಇಲ್ಲದ ಕಡೆ ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ. ಅರ್ಧ ನಿಮಿಷದ ಈ ಕೆಲಸ ಬಿಟ್ಟು ಐವತ್ತು ಹೆಜ್ಜೆ ಉಲ್ಟಾ ನಡೆದು, ಆರೂ ಜನ ವಾಪಸ್ ತಿರುಗುವುದು ಸುತ್ತಾಟದ ಖಾಯಂ ದೃಶ್ಯ.

ನೆಟ್ ಇಲ್ಲದಾಗ

ಈ ಆ್ಯಪ್‌ನ ಬಗ್ಗೆ ಇರುವ ಅತಿ ದೊಡ್ಡ ತಪ್ಪು ತಿಳಿವಳಿಕೆ ಇಲ್ಲಿದೆ. ಪ್ರೊಫೈಲ್ ಚಿತ್ರ ಒತ್ತಿ, ‘ಆಫ್‌ಲೈನ್ ಮ್ಯಾಪ್ಸ್’ಗೆ ಹೋಗಿ, ಊರಿನ ಸುತ್ತ ಚೌಕ ಎಳೆದು ಡೌನ್‌ಲೋಡ್ ಮಾಡಿಕೊಂಡರೆ ಎಲ್ಲ ಮುಗಿಯಿತು ಎಂದು ಜನ ಅಂದುಕೊಳ್ಳುತ್ತಾರೆ. ಆಫ್‌ಲೈನ್‌ನಲ್ಲಿ ಅದು ದಾರಿ ಹೇಳುವುದು ಗಾಡಿಗೆ ಮಾತ್ರ. ನಡಿಗೆ, ಸೈಕಲ್, ಬಸ್ಸು-ರೈಲು ಯಾವುದಕ್ಕೂ ಹೇಳುವುದಿಲ್ಲ. ಊರು ಸುತ್ತುವವರು ಮಾಡುವುದು ಬರೀ ಅವೇ. ಗಾಡಿಯ ದಾರಿ ಹಿಡಿದು ನಡೆದರೆ ಏಕಮುಖ ಸಂಚಾರದ ಬೀದಿಗಳನ್ನು ತಪ್ಪಿಸುತ್ತ ಊರೆಲ್ಲ ಸುತ್ತಿಸುತ್ತದೆ.

ಆದರೂ ಡೌನ್‌ಲೋಡ್ ಮಾಡಿಯೇ ಇರಿ. ನೆಟ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ, ಚುಕ್ಕೆ ನಕ್ಷೆಯ ಮೇಲೆ ಚಲಿಸುತ್ತದೆ. ದಾರಿಯನ್ನು ಕಣ್ಣಳತೆಯಲ್ಲಿ ಹಿಡಿಯಬಹುದು. ಅದರ ಅವಧಿ ಮುಗಿಯುವ ತಾರೀಖು ಅದೇ ಪುಟದಲ್ಲಿರುತ್ತದೆ, ಹೊರಡುವ ಮುಂಚೆ ವೈಫೈನಲ್ಲಿ ‘ಅಪ್‌ಡೇಟ್’ ಒತ್ತಿ. ನಡಿಗೆಯ ದಾರಿಯೇ ಆಫ್‌ಲೈನ್‌ನಲ್ಲಿ ಬೇಕೆಂದರೆ ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯನ್ನು ಬಳಸುವ ಆರ್ಗಾನಿಕ್ ಮ್ಯಾಪ್ಸ್ ಅಥವಾ ಓಎಸ್ಎಂಆ್ಯಂಡ್ ಹಾಕಿಕೊಳ್ಳಿ. ಕಾಲುದಾರಿ, ಮೆಟ್ಟಿಲು, ಕುಡಿಯುವ ನೀರಿನ ನಲ್ಲಿ ಇಂಥವನ್ನು ಗುರುತಿಸುವುದರಲ್ಲಿ ಅವು ಎಷ್ಟೋ ಕಡೆ ಗೂಗಲ್‌ಗಿಂತ ಮುಂದೆ. ಹೋಟೆಲ್ ವಿಮರ್ಶೆ ಮಾತ್ರ ಅವುಗಳಿಂದ ನಿರೀಕ್ಷಿಸಬೇಡಿ.

ಬಸ್ಸು, ರೈಲು, ಕತ್ತಲಾದ ಮೇಲೆ

ಬಸ್ಸು, ಮೆಟ್ರೊ ಸಮಯವನ್ನು ಗೂಗಲ್ ಸಾಮಾನ್ಯವಾಗಿ ತಾನು ಲೆಕ್ಕಹಾಕುವುದಿಲ್ಲ. ಸಾರಿಗೆ ಸಂಸ್ಥೆಗಳು ಜಿಟಿಎಫ್ಎಸ್ ಎಂಬ ನಮೂನೆಯಲ್ಲಿ ಕೊಟ್ಟ ವೇಳಾಪಟ್ಟಿಯನ್ನು ತೋರಿಸುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆಯ ಜತೆ 2005ರಲ್ಲಿ ಶುರುವಾದ ಪದ್ಧತಿ ಅದು. ಸಂಸ್ಥೆ ಕೊಡದಿದ್ದರೆ ಕಣ್ಣೆದುರು ಓಡುವ ಬಸ್ಸೂ ಮ್ಯಾಪ್ಸ್‌ನಲ್ಲಿ ಇರುವುದಿಲ್ಲ. ಸಮಯದ ಜತೆ ಹಸಿರೋ ಕೆಂಪೋ ಬಣ್ಣ ಇದ್ದರೆ ಅದು ಆ ಹೊತ್ತಿನ ನೇರ ಮಾಹಿತಿ. ಬಣ್ಣವಿಲ್ಲದಿದ್ದರೆ ಕಾಗದದ ಮೇಲಿನ ವೇಳೆ, ಬಂದರೆ ಬಂತು.

ರಾತ್ರಿ ಊಟಕ್ಕೆ ಕೂರುವ ಮುಂಚೆ ಒಂದು ಕೆಲಸ ಮಾಡಿ. ರೂಮಿಗೆ ಹೋಗುವ ದಾರಿ ಕೇಳಿ, ಬಸ್ಸು-ರೈಲಿನ ಗುರುತು ಆರಿಸಿ, ‘ಡಿಪಾರ್ಟ್ ಆ್ಯಟ್’ ಎಂದಿರುವುದನ್ನು ಒತ್ತಿದರೆ ‘ಲಾಸ್ಟ್’ ಎಂಬ ಆಯ್ಕೆ ಸಿಗುತ್ತದೆ. ಕೊನೆಯ ರೈಲು ಎಷ್ಟಕ್ಕೆ ಎಂದು ನೇರ ಉತ್ತರ. ಆರು ಜನಕ್ಕೆ ಟ್ಯಾಕ್ಸಿ ಎಂದರೆ ಎರಡು ಗಾಡಿ, ನಡುರಾತ್ರಿಯ ದರ; ಕೊನೆಯ ರೈಲಿನ ಸಮಯ ಗೊತ್ತಿದ್ದರೆ ಬಿಲ್ ಯಾವಾಗ ಕೇಳಬೇಕೆಂದೂ ಗೊತ್ತಿರುತ್ತದೆ.

ಜನಜಂಗುಳಿಯ ಜಾಗಗಳಲ್ಲಿ ಲೊಕೇಶನ್ ಶೇರಿಂಗ್ ಹಾಕಿಕೊಳ್ಳಿ. ಪ್ರೊಫೈಲ್ ಚಿತ್ರದ ಕೆಳಗೇ ಇದೆ. ಎಷ್ಟು ಹೊತ್ತು ಎಂದು ಆರಿಸಬಹುದು. ‘ನಾನೇ ನಿಲ್ಲಿಸುವ ತನಕ’ ಎಂಬುದನ್ನು ಆರಿಸಬೇಡಿ, ಊರಿಗೆ ಬಂದ ಮೇಲೆ ಮರೆತುಹೋಗುತ್ತದೆ. ಎದುರಿನವರ ಫೋನಿನ ಬ್ಯಾಟರಿ ಎಷ್ಟಿದೆ ಎಂದೂ ಅದರಲ್ಲಿ ಕಾಣುತ್ತದೆ. ದಾರಿ ತೋರಿಸುವ ಕೆಲಸಕ್ಕೆ ಒಂದು ಹೊತ್ತಿಗೆ ಒಂದೇ ಫೋನ್ ಬಳಸಿ, ಮಧ್ಯಾಹ್ನಕ್ಕೆ ಬದಲಿಸಿ. ಆರೂ ಜನ ಪರದೆ ಬೆಳಗಿಸಿಕೊಂಡು ನಡೆದರೆ ಸಂಜೆಯ ಹೊತ್ತಿಗೆ ಆರೂ ಫೋನು ಒಟ್ಟಿಗೆ ಮಲಗುತ್ತವೆ, ಅಷ್ಟೊತ್ತಿಗೆ ಟಿಕೆಟ್ಟುಗಳೂ ಅವುಗಳ ಒಳಗೇ ಇರುತ್ತವೆ.

ಕೊನೆಗೆ, ಇದನ್ನು ನೆಚ್ಚಿಕೊಂಡು ಹೋಗಬಾರದ ಕಡೆಗಳೂ ಇವೆ. ಚೀನಾದಲ್ಲಿ ಗೂಗಲ್ ಸೇವೆಗಳಿಗೇ ತಡೆಯಿದೆ. ಅಲ್ಲಿನ ನಕ್ಷೆಗಳು ಬೇರೆಯದೇ ಅಕ್ಷಾಂಶ-ರೇಖಾಂಶ ಪದ್ಧತಿಯಲ್ಲಿ ಇರುವುದರಿಂದ ರಸ್ತೆಯ ಗೆರೆ, ಉಪಗ್ರಹ ಚಿತ್ರ ಒಂದಕ್ಕೊಂದು ಕೂಡದೆ ಪಕ್ಕಕ್ಕೆ ಸರಿದಿರುತ್ತವೆ. ದಕ್ಷಿಣ ಕೊರಿಯಾದಲ್ಲಿ ವಿವರವಾದ ನಕ್ಷೆಯ ದತ್ತಾಂಶ ದೇಶದ ಹೊರಗೆ ಹೋಗಲು ಸರ್ಕಾರ ಬಹುಕಾಲ ಒಪ್ಪದಿದ್ದುದರಿಂದ ನಡಿಗೆಯ ದಾರಿ, ಗಾಡಿಯ ದಾರಿ ಎರಡರಲ್ಲೂ ಗೂಗಲ್ ಹಿಂದೆ ಬಿತ್ತು. ಅಲ್ಲಿಯವರು ಬಳಸುವುದು ನೇವರ್ ಮ್ಯಾಪ್, ಕಾಕಾವೊ ಮ್ಯಾಪ್. ಆ ಕಡೆ ಹೊರಟವರು ಅಲ್ಲಿನ ಆ್ಯಪ್ ಹಾಕಿಕೊಂಡು, ಲಿಸ್ಟನ್ನು ಅದರಲ್ಲೇ ಮಾಡಿಕೊಂಡು ವಿಮಾನ ಹತ್ತಿ.